ಐತಿ ಅಂದ್ರ ಏನಾತು?

ಮೊದಲೇ ಒಂದು ಮಾತು. ಈ ಬರಹದಲ್ಲಿ ‘ನಾವು’ ಅಂತ ಬಂದಾಗಲೆಲ್ಲ ಅದು ಒಬ್ಬರೇ ಅಂತ ತಿಳ್ಕೊಳ್ಳಿ. ನಮ್ಮ ಕಡೆ ಒಬ್ಬನೇ ಮನುಷ್ಯ ಬಾಗಿಲಿಗೆ ಬಂದು ನಿಂತು “ನಾವು ಬಂದೀವ್ರಿ” ಅಂತಾನೆ. ಒಳಗಿನವರು ಇಣುಕಿ ನೋಡಿದರೆ ಅವನ ಹಿಂದೆ ಯಾರೂ ಇರೋದಿಲ್ಲ. ಅದು ದೊಡ್ಡಸ್ತಿಕೆ ಅಲ್ಲ, ರೂಢಿ. ಡಿಪ್ಲೊಮಾ ಓದುವಾಗ ನಮ್ಮ ಮೊದಲ ವರದಿಯಲ್ಲಿದ್ದ ‘ನಾವು’ಗಳಿಗೆಲ್ಲ ಮೇಷ್ಟ್ರು ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ “ಏನು ಮಹಾರಾಜರೇ?” ಅಂತ ಬರೆದಿದ್ದರು. ಅವತ್ತಿನಿಂದ ‘ನಾನು’ ಅನ್ನೋದನ್ನು ಕಲಿತೆವು. ವರದಿ ಬರೆಯೋದಕ್ಕೆ ಅದು ಬೇಕಿತ್ತು. ಆದರೆ ಅದರ ಬೆನ್ನಿಗೆ ಇನ್ನೂ ಒಂದಿಷ್ಟು ಕಲಿತೆವು. ಅದು ಬೇಡವಾಗಿತ್ತು. ಅದರ ಕತೆ ಇದು.

ನಮ್ಮದು ಕೊಪ್ಪಳ ಜಿಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಒಂದು ಊರು. ಅಪ್ಪ ಅದೇ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವರು. ತೂಬು ಏರಿಸೋದು, ಇಳಿಸೋದು, ಕಸ ತೆಗೆಯೋದು, ರಾತ್ರಿ ಟಾರ್ಚ್ ಹಿಡಿದು ಗೇಜ್ ಪಟ್ಟಿ ನೋಡಿ ನೀರು ಎಷ್ಟು ಅಡಿ ಇದೆ ಅಂತ ಬರೆದಿಡೋದು, ಕದ್ದು ಪೈಪ್ ಇಟ್ಟವರನ್ನು ತಡೆಯಲು ಹೋಗಿ ಅವರ ಕೈಲೇ ಬೈಸಿಕೊಳ್ಳೋದು, ಇದು ಅವರ ಕೆಲಸ. ನಮ್ಮ ಕಡೆ ಕಾಲುವೆ ಲೆಕ್ಕ ಈಗಲೂ ಮೈಲಿನಲ್ಲೇ. ಊರಿನ ಹೆಸರು ಹೇಳಿದರೆ ಕಣ್ಣು ಪಿಳಿಪಿಳಿ ಮಾಡುವ ಎಂಜಿನಿಯರಿಗೆ ಎಷ್ಟನೇ ಮೈಲು, ಎಷ್ಟನೇ ಉಪಕಾಲುವೆ ಅಂದರೆ ತಕ್ಷಣ ತಿಳಿಯುತ್ತದೆ. ನಾವು ಮಗ್ಗಿ ಬಾಯಿಪಾಠ ಮಾಡುವ ಮೊದಲೇ ಗೇಜ್ ಓದೋದು ಕಲಿತವರು.

ಡಿಪ್ಲೊಮಾಕ್ಕೆ ಅಂತ ಶಹರಕ್ಕೆ ಹೋದ ಮೊದಲ ದಿನ ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ನಮ್ಮ ಸರದಿ ಬಂತು. “ನಮ್ಮೂರು ಗಂಗಾವತಿ ಹತ್ರ ಐತ್ರಿ” ಅಂದೆವು. ಮೂರನೇ ಬೆಂಚಿನಿಂದ ಯಾರೋ ಮೆಲ್ಲಗೆ “ಐತ್ರಿ” ಅಂದರು. ನಾಲ್ಕೈದು ಜನ ನಕ್ಕರು. ದೊಡ್ಡ ನಗುವೇನಲ್ಲ, ಕೆಟ್ಟ ಮನಸ್ಸಿನದೂ ಇರಲಿಕ್ಕಿಲ್ಲ. ಮರುಕ್ಷಣ ಅವರೆಲ್ಲ ಮರೆತಿರಬೇಕು. ನಾವು ಮರೆಯಲಿಲ್ಲ. ಆ ಸಂಜೆ ಹಾಸ್ಟೆಲ್ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು, ಯಾರಿಗೂ ಕೇಳಬಾರದು ಅಂತ, “ಇದೆ, ಇದೆ, ಇದೆ” ಅಂತ ಹೇಳಿಕೊಂಡು ನಿಂತಿದ್ದೆವು.

ಮೂರು ತಿಂಗಳು ಇದೇ ಕಸರತ್ತು. ‘ಬರಾಕತ್ತೈತಿ’ ಹೋಗಿ ‘ಬರುತ್ತಿದೆ’ ಬಂತು. ‘ಹಿಂಗ್ಯಾಕ’ ಹೋಗಿ ‘ಹೀಗೇಕೆ’ ಬಂತು. ಊರಿಂದ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಟ್ರಂಕಿನ ತಳದಲ್ಲೇ ಉಳಿದು ಬೂಸು ಹಿಡಿದವು. ಟಿವಿಯ ವಾಚಕರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ನೋಡಿ ಅಲ್ಲೇ ಉಸಿರು ತೆಗೆದುಕೊಳ್ಳುವಷ್ಟು ಪಳಗಿದೆವು. ಒಂದು ಭಾನುವಾರ ಮನೆಗೆ ಫೋನ್ ಮಾಡಿ, “ಅಮ್ಮಾ, ಹೇಗಿದ್ದೀಯಾ? ಊಟ ಆಯ್ತಾ?” ಅಂದೆವು. ಅವ್ವ ಆ ಕಡೆಯಿಂದ, “ಯಾರ್ ಬೇಕಾಗಿತ್ರೀ ನಿಮಗ?” ಅಂದಳು.

ನಕ್ಕು ಬಿಡಿ, ನಾವೂ ಈಗ ನಗುತ್ತೇವೆ. ಆವತ್ತು ಮಾತ್ರ ಎಸ್‌ಟಿಡಿ ಬೂತಿನಲ್ಲಿ ಸುಮ್ಮನೆ ಫೋನ್ ಇಟ್ಟು ಬಂದೆವು.

ಹಾಗೆ ನೋಡಿದರೆ ಮಾತಿನ ವಿಷಯದಲ್ಲಿ ನಾಚಿಕೆಪಡುವ ಊರಿನವರಲ್ಲ ನಾವು. 9ನೇ ಶತಮಾನದ ‘ಕವಿರಾಜಮಾರ್ಗ’ ಇದೆಯಲ್ಲ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ, ಅದು ಕನ್ನಡದ ತಿರುಳು ಇರುವ ನಾಡು ಅಂತ ನಾಲ್ಕು ಊರುಗಳ ನಡುವಿನ ಸೀಮೆಯನ್ನು ಹೆಸರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ಕೊಪಣ ಅಂದರೆ ನಮ್ಮ ಕೊಪ್ಪಳ. ಇದನ್ನು ಓದಿದ ದಿನ ನಮಗೆ ಕೋಡು ಬಂದಿತ್ತು. ಕ್ಯಾಂಟೀನಿನಲ್ಲಿ ಮಂಡ್ಯ ಕಡೆಯ ಸಹಪಾಠಿಯ ಮುಂದೆ ಅರ್ಧ ಗಂಟೆ ಇದನ್ನೇ ಹೊಡೆದೆವು. ಅವನು ಪೂರ್ತಿ ಕೇಳಿ, “ಸರಿ, ಟೀ ಯೋಳು” ಅಂದ. ಸಾವಿರ ವರ್ಷದ ಹಳೆಯ ಪುಸ್ತಕ ನಮ್ಮ ಪರ ಸಾಕ್ಷಿ ಹೇಳಿದರೂ ಮರುದಿನ ತರಗತಿಯಲ್ಲಿ ಎದ್ದು ನಿಂತಾಗ ಮೊಣಕಾಲು ನಡುಗೋದು ತಪ್ಪಲಿಲ್ಲ. ‘ಹ’ಕಾರ ಬರೋದಿಲ್ಲ, ‘ಹಾಲು’ ಅನ್ನೋಕೆ ‘ಆಲು’ ಅಂತಾನೆ ಅಂತ ಆ ಮಂಡ್ಯದ ಹುಡುಗನನ್ನೂ ಅದೇ ಮೂರನೇ ಬೆಂಚು ಆಡಿಕೊಳ್ಳುತ್ತಿತ್ತು ಅಂತ ನಮಗೆ ಗೊತ್ತಾಗಿದ್ದು ಕೋರ್ಸ್ ಮುಗಿಯುವ ಹೊತ್ತಿಗೆ. ಇಬ್ಬರೂ ಒಂದೇ ರೋಗಕ್ಕೆ ಬೇರೆ ಬೇರೆ ಮೂಲೆಯಲ್ಲಿ ಕೂತು ಔಷಧ ಕುಡಿಯುತ್ತಿದ್ದೆವು.

ಕೋರ್ಸ್ ಮುಗಿಸಿ ಜಿಲ್ಲೆಗೆ ವಾಪಸ್ ಬಂದು ಸ್ಟ್ರಿಂಗರ್ ಆದೆವು. ಗೊತ್ತಿಲ್ಲದವರಿಗೆ ಹೇಳುತ್ತೇವೆ: ಸ್ಟ್ರಿಂಗರ್ ಅಂದರೆ ತಿಂಗಳ ಸಂಬಳ ಇಲ್ಲದ ವರದಿಗಾರ. ಸುದ್ದಿ ಬಂದರೆ ದುಡ್ಡು, ಬರದಿದ್ದರೆ ಪೆಟ್ರೋಲ್ ಖರ್ಚು ನಮ್ಮ ತಲೆ ಮೇಲೆ. ಜಿಲ್ಲಾ ಕೇಂದ್ರದ ಪತ್ರಿಕಾಗೋಷ್ಠಿಯಲ್ಲಿ ಕುರ್ಚಿಗೂ ಒಂದು ಲೆಕ್ಕ ಇರುತ್ತದೆ. ಬೋರ್ಡ್ ಬರೆದಿರೋದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮುಂದಿನ ಸಾಲು ದೊಡ್ಡ ಪತ್ರಿಕೆಗಳ ಕಾಯಂ ವರದಿಗಾರರಿಗೆ. ಪಕ್ಕದಲ್ಲಿ ಲೋಗೋ ಹಿಡಿದ ಟಿವಿಯವರು. ನಮ್ಮಂಥವರು ಹಿಂದಿನ ಸಾಲಿನಲ್ಲಿ, ಫ್ಯಾನ್ ಗಾಳಿ ಮುಟ್ಟದ ಕಡೆ.

ನಮ್ಮ ಮೊದಲನೇ ಪ್ರಶ್ನೆ ಇವತ್ತಿಗೂ ನೆನಪಿದೆ. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಮೇಲಿನವರು ಮೇಲೇ ಎಳೆದುಕೊಂಡು ಕೊನೆ ಭಾಗದ ಹೊಲಗಳಿಗೆ ಬರುತ್ತಿರಲಿಲ್ಲ. ಕಾಲುವೆ ಕೆಳಗೆ ಇದು ಇವತ್ತಿನ ಗೋಳಲ್ಲ. ಬಚ್ಚಲಿನಲ್ಲಿ ಕಲಿತ ಕನ್ನಡದಲ್ಲಿ ಪ್ರಶ್ನೆಯನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು ಎದ್ದೆವು. ಎದ್ದ ಮೇಲೆ ಗಾಬರಿಯಲ್ಲಿ ಬಚ್ಚಲಿನ ಕನ್ನಡ ಎಲ್ಲಿಗೋ ಹೋಯಿತು. “ಸಾಹೇಬ್ರ, ಟೇಲ್ ಎಂಡಿಗೆ ನೀರು ಇನ್ನೂ ಮುಟ್ಟಿಲ್ಲಲ್ರಿ, ಹಿಂಗಾದ್ರ ನಾಟಿ ಹಚ್ಚಿದವ್ರು ಏನ್ ಮಾಡಬೇಕ್ರಿ?” ಅಂತ ಬಂತು. ವೇದಿಕೆ ಮೇಲಿದ್ದ ಅಧಿಕಾರಿ ನಮ್ಮತ್ತ ನೋಡಿ ನಕ್ಕರು. “ಸ್ವಲ್ಪ ಕನ್ನಡದಲ್ಲಿ ಕೇಳಿ” ಅಂದರು.

ಹಾಲ್ ತುಂಬ ನಗು. ಮುಂದಿನ ಸಾಲಿನಲ್ಲಿದ್ದವರು ಹಿಂದೆ ತಿರುಗಿ ನೋಡಿದರು. ಅವರಲ್ಲಿ ಅರ್ಧ ಜನ ನಮ್ಮದೇ ಸೀಮೆಯವರು, ಮನೆಯಲ್ಲಿ ‘ಐತಿ’ ಅನ್ನುವವರೇ. ಅಧಿಕಾರಿಗಳು ಮುಂದಿನ ಪ್ರಶ್ನೆಗೆ ಹೋದರು. ನಮ್ಮ ಪ್ರಶ್ನೆಗೆ ಉತ್ತರ ಬರಲಿಲ್ಲ ಅನ್ನೋದು ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕಂದರೆ ನಮಗೂ ಹೊಳೆಯಲಿಲ್ಲ. ಕಿವಿ ಬಿಸಿಯಾಗಿ ಕೂತಿದ್ದೆವು ಅಷ್ಟೇ.

ಅದಾದ ಮೇಲೆ ಹತ್ತಿರ ಹತ್ತಿರ ಮೂರು ವರ್ಷ ನಾವು ಯಾವ ಗೋಷ್ಠಿಯಲ್ಲೂ ಬಾಯಿ ಬಿಡಲಿಲ್ಲ. ಹೋಗೋದು, ಕೂರೋದು, ಕೊಟ್ಟ ಹಾಳೆ ತೆಗೆದುಕೊಳ್ಳೋದು, ಇಡ್ಲಿ ತಿನ್ನೋದು, ಬರೋದು. ಕೇಳಲೇಬೇಕಾದದ್ದು ಇದ್ದರೆ ಪಕ್ಕದವನ ಕಿವಿಯಲ್ಲಿ ಹೇಳಿ ಅವನ ಬಾಯಿಂದ ಕೇಳಿಸೋದು. ಅವನ ಹೆಸರು ಬಂತು, ಬರಲಿ, ನಮಗೆ ಬೇಸರ ಇರಲಿಲ್ಲ. ನಾವು ಶಾಂತ ಸ್ವಭಾವದವರು ಅಂತ ನಾಲ್ಕು ಜನ ಹೇಳತೊಡಗಿದರು. ಹೇಡಿತನಕ್ಕೆ ಇಂಥ ಒಳ್ಳೆ ಹೆಸರು ಸಿಕ್ಕಿದ್ದು ನಮಗೆ ಅನುಕೂಲವೇ ಆಯಿತು.

ಆ ಮೂರು ವರ್ಷದಲ್ಲಿ ಒಂದು ಬೇಸಿಗೆ ಬೆಳೆಯ ಹೊತ್ತಿಗೆ ಮತ್ತೊಂದು ಗೋಷ್ಠಿ. ಎಲ್ಲ ಉಪಕಾಲುವೆಗಳಿಗೂ ನೀರು ಮುಟ್ಟಿದೆ ಅಂತ ವೇದಿಕೆಯಿಂದ ಹೇಳಿದರು. ಮುಟ್ಟಿಲ್ಲ ಅನ್ನೋದು ನಮಗೆ ಗೊತ್ತಿತ್ತು. ಅವತ್ತು ಬೆಳಗ್ಗೆಯಷ್ಟೇ ಅಪ್ಪ ಚಹಾ ಕುಡಿಯುತ್ತ, ನಮ್ಮ ಕೆಳಗಿನ ಉಪಕಾಲುವೆಯಲ್ಲಿ ಗೇಜ್ ಅರ್ಧ ಅಡಿಯೂ ತೋರಿಸುತ್ತಿಲ್ಲ, ತೂಬಿನ ಬಾಯಿ ಒಣಗಿದೆ ಅಂದಿದ್ದರು. ಆ ಹಾಲಿನಲ್ಲಿ ಆ ವಿಷಯ ಗೊತ್ತಿದ್ದ ಏಕೈಕ ವರದಿಗಾರರು ನಾವು. ಎದ್ದು ನಿಂತು “ಮುಟ್ಟಿಲ್ಲ” ಅನ್ನಬೇಕಿತ್ತು. ಪೆನ್ನಿನ ಕ್ಯಾಪ್ ತೆಗೆಯೋದು, ಹಾಕೋದು ಮಾಡುತ್ತ ಕೂತೆವು. ಮರುದಿನ ಎಲ್ಲ ಪತ್ರಿಕೆಯಲ್ಲೂ ನೀರು ಮುಟ್ಟಿತು. ನಮ್ಮ ಪತ್ರಿಕೆಯಲ್ಲೂ ಮುಟ್ಟಿತು, ನಮ್ಮದೇ ಹೆಸರಿನ ಕೆಳಗೆ.

ಸಂಜೆ ಊರಿನ ಅಗಸಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರು ಪೇಪರ್ ಮಡಚಿ ನಮ್ಮ ಕೈಗೆ ಕೊಟ್ಟರು. ಬೈಯಲಿಲ್ಲ. “ನೀರು ಬಂದೈತಂತಲ್ಲೋ ತಮ್ಮಾ, ನಡಿ, ಎಲ್ಲಿ ಬಂದೈತಿ ತೋರ್ಸು” ಅಂದರು. ಅವರ ಎರಡೂವರೆ ಎಕರೆ ನಾಟಿ ಬಿರುಕು ಬಿಟ್ಟ ನೆಲದಲ್ಲಿ ನಿಂತಿತ್ತು. ಅಪ್ಪ ಆ ರಾತ್ರಿ ನಮ್ಮ ಜೊತೆ ಮಾತಾಡಲಿಲ್ಲ. ಅವರಿಗೂ ಗೊತ್ತಿತ್ತು. ಎಂಜಿನಿಯರ್ ಜೀಪು ಬಂದರೆ ಹೆಗಲ ಮೇಲಿನ ಟವೆಲ್ ತಾನಾಗಿ ಕಂಕುಳಿಗೆ ಇಳಿಯುತ್ತಿದ್ದದ್ದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಬಾಗೋದು ಅವರಿಂದಲೇ ಬಂದದ್ದು. ಆದರೆ ನೀರಿನ ಲೆಕ್ಕ ಶುರುವಾದರೆ ಅದೇ ಅಪ್ಪ ಎಂಜಿನಿಯರ್ ಮುಖ ನೋಡಿ, “ಇಲ್ರಿ ಸಾಹೇಬ್ರ, ನೀವು ಅಂದಿದ್ದು ತಪ್ಪ ಐತಿ” ಅನ್ನುತ್ತಿದ್ದರು. ಅದು ನಮಗೆ ಬಂದಿರಲಿಲ್ಲ.

ನಡುವೆ ಒಂದು ಮದುವೆ. ಸಂಬಂಧಿಕರ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ಅಲ್ಲೇ ದೊಡ್ಡ ಹಾಲಿನಲ್ಲಿ ಮದುವೆ. ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ದಾರಿಯುದ್ದಕ್ಕೂ ಆಕೆಗೆ ಪಾಠ ಹೇಳಿದ್ದೇ ಹೇಳಿದ್ದು. ಜೋರಾಗಿ ಮಾತಾಡಬೇಡ, ಎಲೆ ಅಡಿಕೆ ಚೀಲ ಹೊರಗೆ ತೆಗೆಯಬೇಡ, ಗೊತ್ತಿಲ್ಲದವರ ಹತ್ತಿರ ಹೋಗಬೇಡ. ಹಾಲ್ ಒಳಗೆ ಹೋದ ಐದು ನಿಮಿಷಕ್ಕೆ ಅವ್ವ ಕಾಣಲಿಲ್ಲ. ಹುಡುಕಿದರೆ ಮೊದಲ ಸಾಲಿನ ಸೋಫಾದಲ್ಲಿ, ರೇಷ್ಮೆ ಸೀರೆಯ ಒಬ್ಬ ಹೆಂಗಸಿನ ಪಕ್ಕ ಕಾಲು ಮಡಚಿ ಕೂತಿದ್ದಾಳೆ. “ಎಷ್ಟ್ ಎಕರೆ ಹೊಲ ಐತ್ರಿ ಯವ್ವಾ ನಿಮ್ದು?” ಅಂತ ಕೇಳಿದ್ದು ನಮ್ಮ ಕಿವಿಗೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಆ ಹೆಂಗಸು ಗಲ್ಲಕ್ಕೆ ಕೈ ಇಟ್ಟು, ತಮ್ಮ ತಂದೆಯ ಎರಡು ಎಕರೆ ಇತ್ತು, ಸೈಟಿಗೆ ಅಂತ ಮಾರಿಬಿಟ್ಟರು ಅಂತ ಹೇಳತೊಡಗಿದರು. ಅರ್ಧ ಗಂಟೆ ಮಾತು. ಕೊನೆಗೆ ಆಕೆ ಅವ್ವನ ಚೀಲದಿಂದ ಎಲೆ ಅಡಿಕೆ ಇಸಿದುಕೊಂಡರು. ಅಷ್ಟು ಹೊತ್ತೂ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ನಾವು ಕಂಬದ ಮರೆಗೆ ನಿಂತು ಫೋನ್ ನೋಡುವ ನಾಟಕ ಮಾಡುತ್ತಿದ್ದೆವು. ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ, ಗೊತ್ತಿಲ್ಲದ ಜಾಗದಲ್ಲಿ ಅಂಜಿಕೆ ಬರೋದಿಲ್ಲವಾ ಅಂತ ಕೇಳಿದೆವು. “ಆಕಿ ಹೊಲದ್ದ ಕೇಳಾಕತ್ತಿದ್ದೆ, ಅಂಜೂದು ಯಾವಾಗ?” ಅಂದಳು. ಹೇಳಿ ನಿದ್ದೆ ಹೋದಳು. ನಮಗೆ ತುಮಕೂರು ದಾಟುವ ತನಕ ನಿದ್ದೆ ಬರಲಿಲ್ಲ. ಆಕೆಯ ಗಮನವೆಲ್ಲ ಆ ಹೆಂಗಸಿನ ಎರಡು ಎಕರೆಯ ಮೇಲಿತ್ತು. ನಮ್ಮ ಗಮನ ಯಾವಾಗಲೂ ನಮ್ಮ ಮೇಲೇ. ಅಂಗಿ ಹೇಗಿದೆ, ಮಾತು ಹೇಗೆ ಬಂತು, ಯಾರು ನೋಡಿದರು. ಅದರಲ್ಲೇ ಹೊತ್ತು ಹೋದರೆ ಎದುರಿಗಿನವರನ್ನು ನೋಡೋದು ಯಾವಾಗ?

ಅಲ್ಲಿಂದ ಒಂದು ಅಭ್ಯಾಸ ಶುರು ಮಾಡಿದೆವು. ಗೋಷ್ಠಿಗೆ ಹೋಗುವ ಮೊದಲು ಕೇಳಬೇಕಾದ್ದನ್ನು ಡೈರಿಯಲ್ಲಿ ಬರೆಯೋದು, ಅದೂ ಅಪ್ಪನಿಗೆ ಹೇಳುವ ಮಾತಿನಲ್ಲೇ. ಇನ್ನೊಂದು, ಅರ್ಧ ತಾಸು ಮೊದಲೇ ಹೋಗಿ ಜೀಪಿನ ಡ್ರೈವರ್ ಜೊತೆ, ಕುರ್ಚಿ ಹಾಕುವವರ ಜೊತೆ ನಾಲ್ಕು ಮಾತಾಡೋದು. ಡ್ರೈವರಿಗೆ ಸಾಹೇಬರು ನಿನ್ನೆ ಯಾವ ಊರಿಗೆ ಹೋಗಿದ್ದರು, ಹೋಗಿರಲಿಲ್ಲ ಅನ್ನೋದು ಗೊತ್ತಿರುತ್ತದೆ. ಒಳಗೆ ಹೋಗುವ ಹೊತ್ತಿಗೆ ಆ ಜಾಗದಲ್ಲಿ ಇಬ್ಬರಾದರೂ ಪರಿಚಯದವರು. ಬ್ಯಾಂಕಿಗೆ, ತಹಸೀಲ್ದಾರ್ ಕಚೇರಿಗೆ ಹೋಗುವವರೂ ಇದನ್ನು ಮಾಡಿ ನೋಡಿ. ಮಗಳನ್ನು ಶಹರದ ಹಾಸ್ಟೆಲಿಗೆ ಬಿಡುವಾಗ ವಾರ್ಡನ್‌ಗಿಂತ ಮೊದಲು ಅಡುಗೆಯವರನ್ನು ಪರಿಚಯ ಮಾಡಿಸಿ. ಇದರಿಂದ ಧೈರ್ಯ ಬಂತು ಅಂತ ಹೇಳೋದಿಲ್ಲ. ಬಾಯಿ ಮಾತ್ರ ಅಷ್ಟಿಷ್ಟು ತೆರೆಯಿತು. ಕಾಲು ನಡುಗುತ್ತಲೇ ಇತ್ತು, ಈಗಲೂ ನಡುಗುತ್ತದೆ.

2024ರ ಆಗಸ್ಟ್ 10ರ ರಾತ್ರಿ. ಅಷ್ಟೊತ್ತಿಗೆ ನಾವು ಒಂದು ಟಿವಿ ಚಾನೆಲ್‌ಗೂ ಸುದ್ದಿ ಕೊಡುತ್ತಿದ್ದೆವು. ಡೆಸ್ಕಿನವರು ಪ್ರತಿ ಫೋನಿಗೂ ಮೊದಲು “ಸ್ವಲ್ಪ ನೀಟಾಗಿ ಮಾತಾಡಿ ಸರ್” ಅಂತ ಎಚ್ಚರಿಸುತ್ತಿದ್ದರು. ಆ ರಾತ್ರಿ ಮಲಗುವ ಹೊತ್ತಿಗೆ ಫೋನ್ ಬಂತು. ಮುನಿರಾಬಾದಿನ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಗಿದೆ ಅಂತ. ಡ್ಯಾಮ್ ಭರ್ತಿಯಾಗಿತ್ತು. ಹೂಳು ತುಂಬಿದ ಮೇಲೆ ಈಗ ಅದರಲ್ಲಿ ನಿಲ್ಲೋದು ಸುಮಾರು 105 ಟಿಎಂಸಿ ನೀರು. ಅಷ್ಟೂ ನಿಂತಿತ್ತು. ಗೆಳೆಯನ ಬೈಕಿನಲ್ಲಿ ಹೋದೆವು. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದರೂ ನೀರಿನ ಆ ಸದ್ದು ನಾವು ಕೇಳಿರಲಿಲ್ಲ. ಎದೆಯೊಳಗೆ ಬಂದು ಕೂತ ಹಾಗಿತ್ತು.

ಮೊದಲು ಅಪ್ಪನಿಗೆ ಫೋನ್ ಮಾಡಿದೆವು. ನಿದ್ದೆಗಣ್ಣಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಉಳಿದ ಗೇಟು ತೆಗೆದರಾ? ಕಾಲುವೆ ಚಾಲು ಇದೆಯಾ? ಅಷ್ಟರಲ್ಲಿ ಡೆಸ್ಕಿನ ಕರೆ ಬಂತು, ನೇರ ಪ್ರಸಾರಕ್ಕೇ ಹಾಕಿದರು, ಎಚ್ಚರಿಸಲು ಅವರಿಗೂ ಪುರಸೊತ್ತಿಲ್ಲ. ಆ ಕಡೆಯಿಂದ ಆ್ಯಂಕರ್ ಕೂಗುತ್ತಿದ್ದರು: ಡ್ಯಾಮ್ ಒಡೆಯುತ್ತಾ? ನೀರಿನ ಸದ್ದಿಗೆ ನಾವೂ ಕೂಗಬೇಕಾಯಿತು. ಕೂಗುವಾಗ ಬಚ್ಚಲಿನ ಕನ್ನಡ ಬರೋದಿಲ್ಲ.

“ಡ್ಯಾಮ್ ಒಡದಿಲ್ರಿ. ಗೇಟ್ ಹೋಗೈತ್ರಿ. ಎರಡೂ ಬ್ಯಾರೆ. 33 ಗೇಟ್ ಅದಾವು, ಅದ್ರಾಗ 19ನೇದ್ರ ಚೈನ್ ಹರದೈತಿ. ಅದೊಂದ್ರ ಮ್ಯಾಲ ಭಾರ ಬೀಳಬಾರ್ದಂತ ಉಳದ ಗೇಟು ತಾವ ತಗದಾರ. ಹೊಳಿ ದಂಡಿ ಮಂದಿ ಹೊಳಿಗಿ ಇಳಿಬ್ಯಾಡ್ರಿ, ದನಾ ಬಿಡಬ್ಯಾಡ್ರಿ, ಪಂಪ್‌ಸೆಟ್ ಮ್ಯಾಲ ಎಳಕೊಳ್ರಿ. ನಾಟಿ ಮಾಡಿದವ್ರ ಚಿಂತಿ ಬ್ಯಾರೆ ಐತ್ರಿ. ಈಗ ಹೊಂಟಿದ್ದು ಅವ್ರ ನೀರು.”

ಮುಗಿದ ಮೇಲೆ ಫೋನ್ ಬಿಸಿಯಾಗಿತ್ತು. ಏನು ಮಾತಾಡಿದೆವು ಅಂತ ನಮಗೇ ಗೊತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಆ ತುಣುಕು ಹೊಳೆಸಾಲಿನ ಊರುಗಳ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತಿತ್ತು. ಒಂದು ಊರಿನಿಂದ ಪರಿಚಯವೇ ಇಲ್ಲದವರು ಫೋನ್ ಮಾಡಿ, “ಟಿವಿಯೊಳಗ ಎಲ್ಲಾರೂ ಒಡೀತು ಒಡೀತು ಅನ್ನಾಕತ್ತಿದ್ರು, ನೀವು ಹೇಳಿದ್ದು ತಿಳೀತ್ರಿ, ಮೋಟಾರ್ ಎಳಕೊಂಡ್ವಿ” ಅಂದರು. ನಮ್ಮ ಹದಿಮೂರು ವರ್ಷದ ಕೆಲಸದಲ್ಲಿ ಹೀಗೊಂದು ಫೋನ್ ಬಂದದ್ದು ಅದೇ ಮೊದಲು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಎರಡನೇ ದಿನ ಡೆಸ್ಕಿನಿಂದ ಬೇರೆಯವರು ಮಾತಾಡಿದರು. “ಸರ್, ನಿಮ್ಮ ಆ ಸ್ಟೈಲ್ ಸೂಪರ್. ಇನ್ನೊಂದಿಷ್ಟು ಜವಾರಿ ಇರಲಿ” ಅಂದರು. ಅಷ್ಟು ವರ್ಷ ‘ನೀಟಾಗಿ’ ಅಂದವರು ಈಗ ‘ಜವಾರಿ’ ಅನ್ನುತ್ತಿದ್ದಾರೆ ಅಂತ ನಾವು ಹಿಗ್ಗಿದೆವು. ಮುಂದಿನ ಪ್ರಸಾರದಲ್ಲಿ ಒಂದು “ಎಪ್ಪಾ” ಹೆಚ್ಚಿಗೆ ಹಾಕಿದೆವು, ಹೆಗಲಿಗೆ ಟವೆಲ್ ಹಾಕಿಕೊಂಡೆವು, ಗಾದೆ ಒಂದನ್ನು ಹುಡುಕಿ ಇಟ್ಟುಕೊಂಡಿದ್ದೆವು, ಅದನ್ನೂ ಬಿಟ್ಟೆವು. ಮನೆಗೆ ಹೋದಾಗ ಅಪ್ಪ, “ಅದೇನ್ ನಾಟಕದಾಗಿನ ಗೌಡ್ರಂಗ ಮಾತಾಡ್ತಿ?” ಅಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಲು ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹಗಲು ರಾತ್ರಿ ಹೆಣಗುತ್ತಿದ್ದ ದಿನಗಳವು. ಒಂದೊಂದೇ ತುಂಡು ಇಳಿಸಿ ವಾರದೊಳಗೆ ಆ ಬಾಯಿ ಮುಚ್ಚಿದರು, ಅರ್ಧಕ್ಕಿಂತ ಹೆಚ್ಚು ನೀರು ಉಳಿಯಿತು. ನಾವು ಆ ವಾರ ಟವೆಲ್ ಯಾವ ಹೆಗಲಿಗೆ ಚೆಂದ ಅಂತ ನೋಡುತ್ತಿದ್ದೆವು.

ಇನ್ನು ಹೇಳಲೇಬೇಕಾದ ಮಾತು. ಇದನ್ನು ಬರೆಯಲು ಕೂತದ್ದೇ ಇದಕ್ಕಾಗಿ, ಇಷ್ಟು ಹೊತ್ತು ತಪ್ಪಿಸಿಕೊಂಡು ಬಂದೆವು.

ಕೆಲವು ತಿಂಗಳ ನಂತರ ಒಂದು ಗೋಷ್ಠಿ. ಆಗ ನಾವು ಎರಡನೇ ಸಾಲಿಗೆ ಬಡ್ತಿ ಪಡೆದಿದ್ದೆವು. ಹಿಂದಿನ ಸಾಲಿನಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿ, ಕುಷ್ಟಗಿ ಕಡೆಯ ತಾಂಡಾದವಳು, ಯೂಟ್ಯೂಬ್‌ಗೆ ಸುದ್ದಿ ಮಾಡುತ್ತಾಳೆ. ಮನೆಮಾತು ಲಂಬಾಣಿ. ಎದ್ದು ನಿಂತು, ತಾಂಡಾದ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಳಾದವು, ಬೋರಿನ ಫ್ಲೋರೈಡ್ ನೀರನ್ನೇ ಮಕ್ಕಳು ಕುಡಿಯುತ್ತಿದ್ದಾರೆ, ಯಾವಾಗ ರಿಪೇರಿ ಅಂತ ಕೇಳಿದಳು. ಕೇಳುವಾಗ ಒಂದು ಕ್ರಿಯಾಪದ ಹಿಂದೆ ಮುಂದೆ ಆಯಿತು. ಏನು ಅಂತ ಇಲ್ಲಿ ಬರೆಯೋದಿಲ್ಲ. ಹಾಲ್ ನಕ್ಕಿತು.

ನಾವೂ ನಕ್ಕೆವು.

ಬೇಕಂತ ನಕ್ಕಿದ್ದಲ್ಲ ಅಂತ ಹೇಳಬಹುದು. ಪಕ್ಕದವರು ನಕ್ಕರು, ಹಲ್ಲು ತಾನಾಗಿ ಕಂಡವು ಅನ್ನಬಹುದು. ಆದರೆ ಆ ಕ್ಷಣ ಒಳಗೆ ಏನಾಯಿತು ಅನ್ನೋದು ನಮಗೆ ಗೊತ್ತು. ಈ ಸಲ ನಗುವವರ ಸಾಲಿನಲ್ಲಿ ಇದ್ದೇವಲ್ಲ ಅಂತ ಒಂದು ನಿರಾಳ. ಮೂರನೇ ಬೆಂಚಿನವರಿಗೂ ಅವತ್ತು ಇದೇ ಅನಿಸಿತ್ತೇನೋ.

ಆ ಹುಡುಗಿ ಕೂರಲಿಲ್ಲ. ಮೈಕ್ ಹಿಡಿದು ಹಾಗೇ ನಿಂತಿದ್ದಳು. ಕೈ ನಡುಗುತ್ತಿತ್ತು, ಮೈಕಿನ ವೈರ್ ಅಲ್ಲಾಡುತ್ತಿದ್ದದ್ದು ನಮಗೆ ಕಾಣುತ್ತಿತ್ತು. ನಗು ಪೂರ್ತಿ ನಿಲ್ಲುವ ತನಕ ಕಾದಳು. ಆಮೇಲೆ, “ನಕ್ಕು ಮುಗೀತಲ್ರೀ? ಈಗ ಹೇಳ್ರಿ, ಯಾವಾಗ ರಿಪೇರಿ?” ಅಂದಳು. ಅಧಿಕಾರಿ ಹಾಳೆ ತಿರುವಿದರು, ಪಕ್ಕದವರನ್ನು ಕೇಳಿದರು, ಹದಿನೈದು ದಿನ ಅಂದರು. “ತಾರೀಖು ಹೇಳ್ರಿ” ಅಂದಳು. ಹೇಳಿದರು. ಬರೆದುಕೊಂಡು ಕೂತಳು. ಹದಿನೈದು ದಿನಕ್ಕೆ ಆಗಲಿಲ್ಲ, ಒಂದೂವರೆ ತಿಂಗಳಾಯಿತು, ಆದರೆ ಘಟಕ ಚಾಲು ಆಯಿತು. ನಾವು ಅದೇ ಜಾಗದಲ್ಲಿ ಕಿವಿ ಬಿಸಿ ಮಾಡಿಕೊಂಡು ಮೂರು ವರ್ಷ ಕಳೆದವರು. ಆಕೆ ಕಳೆದದ್ದು ಅರ್ಧ ನಿಮಿಷ.

ಹೊರಗೆ ಚಹಾದ ಅಂಗಡಿಯಲ್ಲಿ ಸಿಕ್ಕಳು. ತಪ್ಪಾಯಿತು ಅನ್ನಬೇಕು ಅಂತಲೇ ಹತ್ತಿರ ಹೋದೆವು. ಬಾಯಿಗೆ ಬಂದದ್ದು, “ಚಹಾ ಕುಡೀತಿಯೇನವ್ವಾ?” ಆಕೆ ಚಹಾ ಕುಡಿಯುತ್ತ, ಕಾಲುವೆ ಸುದ್ದಿ ಮಾಡಬೇಕು, ಗೇಜ್ ಅಂದರೆ ಏನು ಅಂತ ಕೇಳಿದಳು. ಅಂಗಡಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಪಟ್ಟಿ ಬರೆದು ಅಡಿ, ಇಂಚು ತೋರಿಸಿದೆವು. ಅಂಗಡಿಯವರು ಗೋಡೆ ಹಾಳು ಮಾಡಿದಿರಿ ಅಂತ ಬೈದರು. ಆಮೇಲೆ ಎಷ್ಟೋ ಸಲ ಸಿಕ್ಕಿದ್ದಾಳೆ, ನಂಬರ್ ಕೊಟ್ಟಿದ್ದೇವೆ, ಸುದ್ದಿ ಹಂಚಿಕೊಂಡಿದ್ದೇವೆ. ನಕ್ಕಿದ್ದರ ಬಗ್ಗೆ ಮಾತ್ರ ಇವತ್ತಿನ ತನಕ ಹೇಳಿಲ್ಲ. ಆಕೆ ನೋಡಿದ್ದಳಾ ಅನ್ನೋದೂ ಗೊತ್ತಿಲ್ಲ. ನಾವು ಬರೆದದ್ದನ್ನು ಆಕೆ ಓದುತ್ತಾಳೆ, ಅದಕ್ಕೇ ಇಲ್ಲಿ ಬರೆದಿದ್ದೇವೆ. ಎರಡನೇ ಸಾಲಿನಲ್ಲಿ, ಎಡಗಡೆಯಿಂದ ನಾಲ್ಕನೇ ಕುರ್ಚಿ. ನಾವೇ.

ಶುಕ್ರವಾರ ಕೆಡಿಪಿ ಸಭೆ ಐತಿ. ಕುರ್ಚಿ ಬೇಕಂದ್ರ ಹತ್ತಕ್ಕ ಬರಬೇಕವ್ವಾ, ತಡಾ ಆದ್ರ ಫ್ಯಾನ್ ಗಾಳಿ ಸಿಗಂಗಿಲ್ಲ.